ಭಯಕ್ಕೊಂದು ನೆಲ

ಕರೆಂಟು ಹೋದರೆ ನಾವು ಬೈಯುವುದು ಎಷ್ಟು ಜನರನ್ನು! ಲೈನ್‌ಮನ್‌ನನ್ನು, ಸರ್ಕಾರವನ್ನು, ಗಾಳಿಯನ್ನು, ಎದುರು ಮನೆಯವರ ಏಸಿಯನ್ನು. ಹೋಗದೆ ಇದ್ದರೆ ಯಾರನ್ನೂ ನೆನೆಯುವುದಿಲ್ಲ. ಫ್ಯಾನು ತಿರುಗುತ್ತದೆ, ಮಿಕ್ಸರ್ ಗರ್ ಎನ್ನುತ್ತದೆ, ನಾವು ನಮ್ಮ ಪಾಡಿಗಿರುತ್ತೇವೆ. ಆ ಹೋಗದ ಕರೆಂಟಿನ ಹಿಂದೆ ಹನ್ನೊಂದು ಕುರ್ಚಿಗಳ ಒಂದು ಕೋಣೆ ಇದೆ, ಅಲ್ಲಿ ಕೂತವರ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ ಎಂಬುದು ಯಾರಿಗೆ ಬೇಕಾಗಿದೆ ಹೇಳಿ.

ನೀಲಾಂಬಿಕಾ ಹೊಸಮನಿ ಅಂಥ ಕೋಣೆಯೊಂದರಲ್ಲಿ ಹದಿನಾಲ್ಕು ವರ್ಷ ಕೂತವಳು. ಹುಬ್ಬಳ್ಳಿಯ ಹೊರಗೆ, ಗುಡ್ಡದ ನೆತ್ತಿಯ ಮೇಲೆ ಉತ್ತರ ಜಾಲ ಕೇಂದ್ರ. ಏಳು ಜಿಲ್ಲೆಗಳ ವಿದ್ಯುತ್ತಿನ ಲಗಾಮು ಅಲ್ಲಿತ್ತು. ಮುಕ್ಕಾಲು ಪಾಲು ಕರೆಂಟು ಸೂರ್ಯನಿಂದಲೇ ಬರತೊಡಗಿದ ಮೇಲೆ ಆ ಕೋಣೆಯ ಪ್ರಾಣವೆಲ್ಲ ಸಂಜೆಯ ಐವತ್ತು ನಿಮಿಷಗಳಲ್ಲಿ ಬಂದು ಕೂತಿತ್ತು. ಹೊತ್ತು ಮುಳುಗುತ್ತಿದ್ದಂತೆ ಸೂರ್ಯನ ಕರೆಂಟು ಕುಸಿಯುತ್ತದೆ. ಅದೇ ಹೊತ್ತಿಗೆ ಏಳು ಜಿಲ್ಲೆಗಳ ಮನೆಮನೆಯಲ್ಲಿ ದೀಪ, ಒಲೆ, ಟಿ.ವಿ. ಎಲ್ಲ ಹತ್ತಿಕೊಳ್ಳುತ್ತವೆ. ಆ ಇಳಿತಕ್ಕೂ ಈ ಏರಿಕೆಗೂ ನಡುವಿನ ಕಂದಕವನ್ನು ಅಣೆಕಟ್ಟಿನ ನೀರಿನಿಂದ, ಗಾಳಿಯಂತ್ರಗಳಿಂದ, ಬ್ಯಾಟರಿಯಿಂದ ಕ್ಷಣಕ್ಷಣವೂ ತುಂಬುತ್ತಿರಬೇಕು. ಗೋಡೆಯ ಮೇಲೆ ಒಂದೇ ಒಂದು ಅಂಕಿ, ಐವತ್ತು, ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ. ಅದು ನಲವತ್ತೊಂಬತ್ತೂವರೆಗೆ ಇಳಿದರೆ ಊರುಗಳನ್ನು ಒಂದೊಂದಾಗಿ ಕತ್ತಲಿಗೆ ತಳ್ಳಬೇಕು, ಇಲ್ಲದಿದ್ದರೆ ಏಳೂ ಜಿಲ್ಲೆ ಒಟ್ಟಿಗೆ ಹೋಗುತ್ತವೆ. ಈ ಐವತ್ತು ನಿಮಿಷಕ್ಕೆ ಅವರು ಇಳಿಜಾರು ಎನ್ನುತ್ತಿದ್ದರು.

ಹಿಂದೊಮ್ಮೆ ಇಳಿಜಾರಿನಲ್ಲಿ ಒಬ್ಬ ಎಂಜಿನಿಯರು, ಇಪ್ಪತ್ತು ವರ್ಷದ ಅನುಭವಸ್ಥ, ಮೌಸಿನ ಮೇಲೆ ಕೈ ಇಟ್ಟವನು ಇಟ್ಟ ಹಾಗೇ ಕಲ್ಲಾಗಿಬಿಟ್ಟ. ಬರೀ ಹೆದರಿಕೆ, ಮತ್ತೇನಲ್ಲ. ಆ ನಲವತ್ತು ಸೆಕೆಂಡಿನಲ್ಲಿ ಏಳೂ ಜಿಲ್ಲೆ ಕತ್ತಲಾದವು, ಬೆಳಕು ಮರಳಿ ಬರಲು ಹನ್ನೊಂದು ತಾಸು ಹಿಡಿಯಿತು. ಅದಾದ ಮೇಲೆ ಬಂದದ್ದು ಕೊರಳಪಟ್ಟಿ.

ಬೆರಳಗಲದ ಬೂದು ಬಣ್ಣದ ಪಟ್ಟಿ. ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ ಒತ್ತಿಕೊಳ್ಳುವಂತೆ ಕಟ್ಟಬೇಕು. ಎದೆಬಡಿತ ಏರಿದರೆ, ಹೊಟ್ಟೆಯಲ್ಲಿ ತಳಮಳವಾದರೆ, ಅದನ್ನು ನರದಲ್ಲೇ ಹಿಡಿದು ಇಳಿಸುತ್ತದೆ. ಆದರೆ ಭಯವೆಂಬುದು ಸುಮ್ಮನೆ ಮಾಯವಾಗುವ ವಸ್ತುವಲ್ಲವಂತೆ. ಒಬ್ಬರಲ್ಲಿ ಇಳಿಯಬೇಕಾದರೆ ಇನ್ನೊಬ್ಬರಲ್ಲಿ ಏರಬೇಕು, ಸಿಡಿಲಿಗೆ ಇಳಿಯಲು ನೆಲ ಬೇಕಾದ ಹಾಗೆ. ಅದಕ್ಕೆ ಹನ್ನೊಂದು ಪಟ್ಟಿಗಳನ್ನೂ ಒಂದಕ್ಕೊಂದು ಹೆಣೆದು, ಒಬ್ಬನ ಗಾಬರಿಯನ್ನು ಉಳಿದವರಿಗೆ ಚಿಟಿಕೆ ಚಿಟಿಕೆಯಾಗಿ ಹಂಚಿಬಿಟ್ಟರೆ ಯಾರಿಗೂ ಭಾರವಾಗುವುದಿಲ್ಲ ಎಂದು, ಪಟ್ಟಿಯ ಬಳಕೆ ಕಲಿಸಲು ಬಂದಿದ್ದ ವಿಜ್ಞಾನಿ ಹೇಳಿದ್ದ. ದಾಟುವುದು ಮೈಯ ತಳಮಳ ಮಾತ್ರ, ಮನಸ್ಸಿನೊಳಗಿನದು ದಾಟುವುದಿಲ್ಲ ಎಂದೂ ಹೇಳಿದ್ದ. ಪಾಪ, ತನಗೆ ತಿಳಿದಷ್ಟು ಅವನು ಹೇಳಿದ.

ಪಟ್ಟಿಯ ಎಡಬದಿಗೆ ಒಂದು ಗುಂಡಿ ಇತ್ತು. ಸಾಕೆನಿಸಿದಾಗ ಒತ್ತಿದರೆ ಇಪ್ಪತ್ತು ನಿಮಿಷ ಬೇರೆ ಯಾರದೂ ನಿಮ್ಮ ಕಡೆ ಬರುವುದಿಲ್ಲ. ಗಂಡಸರು ಅದನ್ನು ಮೂಗು ತುರಿಸಿಕೊಂಡಷ್ಟು ಸಲೀಸಾಗಿ ಒತ್ತುತ್ತಿದ್ದರು. ಚಹಾ ಕುಡಿಯುವಾಗ ಒತ್ತುತ್ತಿದ್ದರು, ಮನೆಯಿಂದ ಫೋನು ಬಂದಾಗ ಒತ್ತುತ್ತಿದ್ದರು, ಕ್ರಿಕೆಟ್ ಸ್ಕೋರು ನೋಡುವಾಗಲೂ ಒತ್ತುತ್ತಿದ್ದರು. ಹೆಂಗಸರು ಮಾತ್ರ ಒತ್ತುತ್ತಿರಲಿಲ್ಲ.

ಅದೊಂದು ಪದ್ಧತಿಯೇ ಆಗಿಹೋಗಿತ್ತು. ಪಟ್ಟಿ ಬಂದ ಮೊದಲ ತಿಂಗಳಲ್ಲಿ ವಿಮಲಾ ಅಂಗಡಿ ಎಂಬಾಕೆ ಎರಡು ಸಲ ಒತ್ತಿದ್ದಳು, ಮೂರನೆಯ ತಿಂಗಳು ಅವಳು ಕಡತ ವಿಭಾಗದಲ್ಲಿದ್ದಳು. ಯಾರೂ ಕಾರಣ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೆಮ್ಮಿದರೆ ‘ಮೇಡಂಗ ಆಗೂದಿಲ್ಲ’, ಆಕಳಿಸಿದರೆ ‘ಮನಿ ಕೆಲಸ ಭಾಳ ಇರ್ಬೇಕು’ ಎಂಬ ಮಾತು ಕೇಳಿ ಕೇಳಿ ಕಿವಿ ಗಟ್ಟಿಯಾದ ನೀಲಾಂಬಿಕಾಳಿಗೆ ಇದರ ಅರ್ಥ ಇನ್ನೊಬ್ಬರು ಬಿಡಿಸಿ ಹೇಳಬೇಕೆ? ಎರಡು ವರ್ಷದ ಕೆಳಗೆ ತಸ್ಲೀಮ್ ನದಾಫ್ ಎಂಬ ಹುಡುಗಿ ಕೆಲಸಕ್ಕೆ ಸೇರಿದ ದಿನ, ಹೆಂಗಸರ ಬಾತ್‌ರೂಮಿನ ಕನ್ನಡಿಯ ಮುಂದೆ ನೀಲಾಂಬಿಕಾಳೇ ಅವಳಿಗೆ ಪಟ್ಟಿ ಕಟ್ಟಿಕೊಟ್ಟಿದ್ದಳು.

"ಈ ಗುಂಡಿ ಐತಲ್ಲ, ಇದನ್ನ ಮರತಬಿಡು" ಎಂದಿದ್ದಳು.

"ತ್ರಾಸ ಆದ್ರ, ಅಕ್ಕಾ?"

"ಆದ್ರ ನಗು. ನೀ ಎಷ್ಟು ಸಲ ಒತ್ತೀದಿ ಅಂತ ಯಾರೋ ಒಬ್ರು ಎಣಸಾಕತ್ತಾರ ಅಂತ ತಿಳ್ಕೊ."

ತಸ್ಲೀಮ್ ಬೆಟಗೇರಿಯವಳು, ಗಾದಿ ಹೊಲಿಯುವವರ ಮಗಳು, ಎಂಜಿನಿಯರಿಂಗಿನಲ್ಲಿ ಚಿನ್ನದ ಪದಕ ಗೆದ್ದವಳು. ದೊಡ್ಡವರು ಹೇಳಿದ್ದನ್ನು ಚಾಚೂ ತಪ್ಪದೆ ನಡೆಸುವ ಹುಡುಗಿ. ಅವಳು ಅಂದಿನಿಂದ ನಗುತ್ತಲೇ ಇದ್ದಳು.

ನೀಲಾಂಬಿಕಾಳ ಪಕ್ಕದ ಕುರ್ಚಿಯವನು ಪಾಂಡುರಂಗ ಕಟ್ಟಿ. ತಾಯಿಯ ದಿನಕರ್ಮ ಮುಗಿಸಿ, ಬೋಳಿಸಿದ ತಲೆಗೆ ಟೋಪಿ ಹಾಕಿಕೊಂಡು ಕೆಲಸಕ್ಕೆ ಬಂದ ದಿನ ಅವನು ಮಧ್ಯಾಹ್ನಕ್ಕೆಲ್ಲ ಡಬ್ಬಿ ಬಿಚ್ಚಿ ಅವಲಕ್ಕಿ ತಿನ್ನುತ್ತ ಕೂತಿದ್ದ.

"ವಿಚಿತ್ರ ಅಂದ್ರ ವಿಚಿತ್ರ ನೋಡ್ರಿ ಮೇಡಂ" ಎಂದ. "ಹದಿಮೂರು ದಿನ ಮನ್ಯಾಗ ಅತ್ತದ್ದ ಅತ್ತದ್ದು. ಇಲ್ಲಿ ಬಂದು ಪಟ್ಟಿ ಕಟ್ಕೊಂಡೆ, ಅರ್ಧ ತಾಸಿನಾಗ ಹಗುರ ಆಗಿಬಿಟ್ಟೆ. ಕೆಲಸದಂಥಾ ಔಷಧ ಇಲ್ಲ ಬಿಡ್ರಿ."

ಅಂದು ಇಳಿಜಾರು ಸುಸೂತ್ರವಾಗಿ ಮುಗಿಯಿತು. ನೀಲಾಂಬಿಕಾ ಮನೆಗೆ ಬಂದು ಕೈಕಾಲು ತೊಳೆದುಕೊಂಡು ರೊಟ್ಟಿ ಬಡಿಯಲು ಕೂತಳು. ಅತ್ತೆ ಗೌರವ್ವ ಪಕ್ಕದಲ್ಲಿ ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದಳು. ಹತ್ತು ವರ್ಷದ ಮಗಳು ಮುಕ್ತಾ ಬಾಗಿಲಲ್ಲಿ ಕೂತು ಶಾಲೆಯ ಪಾಠ ಒಪ್ಪಿಸುತ್ತಿದ್ದಳು. ಎರಡನೆಯ ರೊಟ್ಟಿಗೆ ನೀಲಾಂಬಿಕಾಳ ಕೈ ನಿಂತುಹೋಯಿತು. ‘ಅವ್ವಾ’ ಎಂದಳು. ಆಮೇಲೆ ಅದು ನಿಲ್ಲಲೇ ಇಲ್ಲ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ಹೆಣದ ಮುಂದೆ ಅಳುವವರ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತ ಅತ್ತಳು.

"ಏ ನೀಲಾ! ಏನಾತ ನಿನಗ? ನಿಮ್ಮವ್ವ ಈಗರ ಫೋನ್ ಮಾಡಿದ್ಲು, ಗುಂಡಕಲ್ಲಿನಂಗ ಅದಾಳ!" ಎಂದು ಗೌರವ್ವ ಪಲ್ಲೆ ಬಿಟ್ಟು ಎದ್ದಳು.

ಗಂಡ ಮಹಾಂತೇಶ ಓಡಿಬಂದು ಗದಗಿನ ತವರಿಗೆ ಫೋನು ಹಚ್ಚಿ ಹೆಂಡತಿಯ ಕಿವಿಗೆ ಹಿಡಿದ. ಅತ್ತಲಿಂದ ತಾಯಿ ಎಂದಿನಂತೆ ‘ಊಟ ಆತೇನ?’ ಎಂದಳು. ನೀಲಾಂಬಿಕಾ ತಾಯಿಯ ದನಿ ಕೇಳುತ್ತಲೇ ತಾಯಿ ಸತ್ತಳೆಂದು ಅತ್ತಳು. ಅವಳ ಕಣ್ಣ ಮುಂದೆ ಒಂದು ಕೈ ನಿಂತಿತ್ತು. ಮುದುಕಿಯ ಕೈ, ಮುಂಗೈ ಮೇಲೆ ತುಳಸಿಕಟ್ಟೆಯ ಹಸಿರು ಹಚ್ಚೆ, ಉಂಗುರ ಬೆರಳಿಗೆ ತುದಿ ಇಲ್ಲ. ಅಂಥ ಕೈಯನ್ನು ಅವಳು ಜನ್ಮದಲ್ಲಿ ಕಂಡವಳಲ್ಲ.

ಮರುದಿನ ಕಟ್ಟಿಯನ್ನು ಕೇಳಿಯೇಬಿಟ್ಟಳು. "ನಿಮ್ಮ ತಾಯಿಯವರ ಕೈಮ್ಯಾಲೆ ಹಚ್ಚಿ ಇತ್ತೇನ್ರೀ?"

"ಇತ್ತಲ್ರೀ, ತುಳಸಿಕಟ್ಟಿದು. ಬೆರಳಂತೂ ಬೀಸೂ ಕಲ್ಲಿಗೆ ಸಿಕ್ಕು ಹೋಗಿತ್ತು. ನಿಮಗ್ಯಾರು ಹೇಳಿದ್ರು?"

ಅವನ ಮುಖದಲ್ಲಿ ಗಾಬರಿಯ ಒಂದು ಎಳೆ ಏಳುವುದನ್ನು ಅವಳು ಕಂಡಳು. ಎದ್ದಷ್ಟೇ ಬೇಗ ಅದು ಆರಿತು, ಕಟ್ಟಿ ಹಲ್ಲು ಬಿಟ್ಟು ಪರದೆಯ ಕಡೆ ತಿರುಗಿದ. ಅದೇ ಗಳಿಗೆಗೆ ನೀಲಾಂಬಿಕಾಳ ಬೆನ್ನಿನ ಮೇಲೆ ಚಳಿ ಇಳಿಯಿತು. ತನ್ನದೊಂದು ಪಾಲು, ಅವನದೊಂದು ಪಾಲು.

ಆ ವಾರದ ಕೊನೆಗೆ ಮುಖ್ಯಸ್ಥ ದೇಸಾಯಿಯವರು ಅವಳನ್ನು ತಮ್ಮ ಕೋಣೆಗೆ ಕರೆದರು. ನಿವೃತ್ತಿ ಹತ್ತಿರ ಬಂದಿತ್ತು. ಅವರ ಕುರ್ಚಿಗೆ ನೀಲಾಂಬಿಕಾಳ ಹೆಸರು ಗಟ್ಟಿಯಾಗಿತ್ತು, ಆ ಕೇಂದ್ರ ಹುಟ್ಟಿದ ಮೇಲೆ ಮೊದಲ ಸಲ ಒಬ್ಬ ಹೆಂಗಸು. ಪೇಢೆ ತಿನ್ನಿಸಿ, ಮುಖ್ಯಸ್ಥರಿಗೆ ಮಾತ್ರ ತೆರೆಯುವ ಒಂದು ನಕ್ಷೆಯನ್ನು ಪರದೆಯ ಮೇಲೆ ತೆಗೆದು ತೋರಿಸಿದರು. ಹನ್ನೊಂದು ಚುಕ್ಕೆ, ಹನ್ನೊಂದು ಕುರ್ಚಿ. ಚುಕ್ಕೆಗಳಿಂದ ಕೆಂಪು ಗೆರೆಗಳು ಹೊರಟು ನಾಲ್ಕನೆಯ ಚುಕ್ಕೆಗೂ ಒಂಬತ್ತನೆಯ ಚುಕ್ಕೆಗೂ ಹೋಗಿ ಸೇರುತ್ತಿದ್ದವು. ಬೇರೆಲ್ಲಿಗೂ ಒಂದು ಗೆರೆ ಇರಲಿಲ್ಲ. ನಾಲ್ಕನೆಯದು ಅವಳದು, ಒಂಬತ್ತನೆಯದು ತಸ್ಲೀಮಳದು.

"ಇದು ಎಲ್ಲಾರಿಗೂ ಹಂಚೂದಲ್ಲೇನ್ರೀ ಸರ್?"

"ಜಾಗ ಇದ್ದವರಿಗೆ ಹಂಚತೈತಿ" ಎಂದರು ದೇಸಾಯಿಯವರು. "ಗುಂಡಿ ಒತ್ತಿದವರಲ್ಲಿ ಜಾಗ ಇಲ್ಲ ಅಂತ ಯಂತ್ರ ಕಲೀತೈತಿ. ನೀವಿಬ್ರು ಒಮ್ಮೆನೂ ಒತ್ತಿಲ್ಲ. ಇವರಲ್ಲಿ ಬೇಕಾದಷ್ಟು ಜಾಗ ಐತಿ ಅಂತ ಅದು ತಿಳ್ಕೊಂಡೈತಿ. ಯಂತ್ರಕ್ಕೇನು ಹೆಣ್ಣು ಗಂಡು ಗೊತ್ತೈತೇನ್ರೀ?"

"ಯಾರು ಎಷ್ಟು ಸಲ ಒತ್ತಿದ್ರು ಅಂತ ನೀವು ಎಣಸ್ತಿದ್ದಿಲ್ಲೇನು?"

"ನಾವ್ಯಾಕ ಎಣಸೋಣ್ರೀ? ಮಾಡಾಕ ಬ್ಯಾರೆ ಕೆಲಸ ಇಲ್ಲೇನು?"

"ಮತ್ತ ವಿಮಲಾ ಅಂಗಡಿಯವರನ್ನ ತಗದ್ರಿ?"

"ತಗದಿಲ್ರೀ! ಮಗಳ ಬಾಣಂತನ ಐತಿ, ಸಂಜೀ ಪಾಳಿ ಬ್ಯಾಡ ಅಂತ ಅವರ ಅರ್ಜಿ ಕೊಟ್ಟಿದ್ರಲ್ಲ."

ಈಗ ಯಾರನ್ನು ಬೈಯುವುದು ನೀವೇ ಹೇಳಿ. ಮನೆಯ ಕಾರಣಕ್ಕೆ ಹೋಗುತ್ತೇನೆಂದರೆ ಉಳಿದ ಹೆಂಗಸರನ್ನು ಆಡಿಕೊಂಡಾರು ಎಂದು ವಿಮಲಾ ಬಾಯಿ ಬಿಟ್ಟಿರಲಿಲ್ಲ. ಎಣಿಸುತ್ತಾರೆಂದು ನೀಲಾಂಬಿಕಾ ಒತ್ತಿರಲಿಲ್ಲ. ಕೆಮ್ಮು, ಆಕಳಿಕೆ ಎಲ್ಲವನ್ನೂ ಎಣಿಸಿದವರು ಇದೊಂದನ್ನು ಮಾತ್ರ ಎಣಿಸಿರಲಿಲ್ಲ! ಒಂದೊಂದು ಬಾಯಿಯೂ ಮುಚ್ಚಿದ್ದಕ್ಕೆ ಒಂದೊಂದು ನ್ಯಾಯವಾದ ಕಾರಣವಿತ್ತು. ಎಲ್ಲ ಸೇರಿ ಒಂಬತ್ತು ಗಂಡಸರ ಎದೆಯ ತಳಮಳವನ್ನು ಮೂರು ವರ್ಷ ಹೆಂಗಸರ ಮೈಗೆ ಸುರಿದಿತ್ತು.

ಮುಖ್ಯಸ್ಥರ ಚುಕ್ಕೆಯಿಂದ ಗೆರೆಗಳು ಹೊರಗೆ ಹೋಗುತ್ತಿದ್ದವು, ಒಳಗೆ ಬರುವ ಗೆರೆಯೇ ಇರಲಿಲ್ಲ. ಆಜ್ಞೆ ಕೊಡುವವರ ತಲೆ ತಣ್ಣಗಿರಬೇಕೆಂದು ಮಾಡಿದ ವ್ಯವಸ್ಥೆ ಅದು.

"ನಾ ಈ ಕುರ್ಚಿಗೆ ಬಂದ್ರ ನನ್ನ ಪಾಲಿಂದು ಎಲ್ಲಿ ಹೊಕ್ಕೈತ್ರಿ?"

"ಒಂಬತ್ತನೇದಕ್ಕ. ಹುಡುಗಿ ಗಟ್ಟಿ ಅದಾಳ ಬಿಡ್ರಿ, ಒಂದಿನ ಮಾರಿ ಸಣ್ಣ ಮಾಡಿಲ್ಲ."

"ಆಕಿ ಒತ್ತಿಬಿಟ್ರ?"

"ಅದಕ್ಕ ಹೋಗಾಕ ನೆಲ ಇಲ್ಲಲ್ರೀ. ಅವರವರದು ಅವರವರಿಗೆ ವಾಪಸ್." ದೇಸಾಯಿಯವರು ನಕ್ಕರು. "ಇಳಿಜಾರಿನಾಗ ಒತ್ತಿದ್ಲಂದ್ರ ನಮ್ಮ ಮಂದಿ ಕತಿ ಮುಗೀತು. ಮೂರು ವರ್ಷ ಆತು, ಹೆದರೂದು ಹೆಂಗಂತನ ಮರತಾರ."

ಯಂತ್ರ ಕಲಿತದ್ದನ್ನು ಅಳಿಸುವ ದಾರಿ ಒಂದಿತ್ತು. ಮುಂಜಾನೆ, ಜಾಲ ಶಾಂತವಾಗಿರುವ ಹೊತ್ತಿನಲ್ಲಿ ಅದನ್ನು ನಿಲ್ಲಿಸಿ ಹೊಸದಾಗಿ ಶುರು ಮಾಡಬೇಕು. ಆ ಅಧಿಕಾರ ಮುಖ್ಯಸ್ಥರ ಕುರ್ಚಿಗೆ ಮಾತ್ರ. ನೀಲಾಂಬಿಕಾ ಆ ರಾತ್ರಿ ಗಂಡನಿಗೆ ಎಲ್ಲವನ್ನೂ ಹೇಳಿ, "ಕುರ್ಚಿ ತಗೋತೀನಿ. ತಗೊಂಡ ದಿನಾನ ಮೊದಲು ಅದನ್ನ ಅಳಿಸ್ತೀನಿ. ಆ ಹುಡುಗಿನ್ನ ನಾನ ಈ ಕೂಪಕ್ಕ ತಳ್ಳೀನಿ" ಎಂದಳು. ಹೇಳುವಾಗ ಅವಳ ಕೈ ನಡುಗುತ್ತಿತ್ತು. ಅದು ಅವಳದೇ ನಡುಕ, ಸಾಲ ತಂದದ್ದಲ್ಲ.

ಅಧಿಕಾರ ವಹಿಸಿಕೊಂಡ ದಿನ ಬೆಳಿಗ್ಗೆ ಎಂಟಕ್ಕೇ ಹೋದಳು. ಎಲ್ಲರೂ ಎದ್ದು ನಿಂತರು. ಪಟ್ಟಿ ಕಟ್ಟಿಕೊಂಡು ಮುಖ್ಯಸ್ಥರ ಕುರ್ಚಿಯಲ್ಲಿ ಕೂತಳು.

ಆಗ ಆದದ್ದನ್ನು ಏನೆಂದು ಹೇಳುವುದು! ಹದಿನಾಲ್ಕು ವರ್ಷದಿಂದ ಹೆಗಲ ಮೇಲಿದ್ದ ಕೊಡವನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತಾಯಿತು. ಉಸಿರು ಹೊಟ್ಟೆಯ ತಳದ ತನಕ ಹೋಯಿತು. ಕೋಣೆಯ ಶಬ್ದಗಳೆಲ್ಲ ಮೆತ್ತಗಾದವು. ಅಳಿಸುವ ಕೆಲಸ ಅವಳ ನೆನಪಿನಲ್ಲಿತ್ತು, ಒಂದಕ್ಷರವೂ ಮರೆತಿರಲಿಲ್ಲ. ಆದರೆ ಅದು ಚುಚ್ಚುತ್ತಿರಲಿಲ್ಲ. ಮೊದಲ ದಿನವೇ ಯಂತ್ರಕ್ಕೆ ಕೈ ಹಾಕಿದರೆ ಜನ ಏನಂದಾರು, ನಾಳೆ ಮಾಡಿದರಾಯಿತು ಎನ್ನಿಸಿತು. ಅಂಥ ಸಮಾಧಾನದ ಯೋಚನೆ ಅವಳಿಗೆ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಮರುದಿನವೂ ನಾಳೆ ಎನ್ನಿಸಿತು. ಮನೆಯಲ್ಲಿ ಪಟ್ಟಿ ಇಲ್ಲದಾಗ ಮೊದಲೆರಡು ದಿನ ಮನಸ್ಸು ಕುಟುಕಿತು, ‘ನಾಳೆ ಬಿಡೂದಿಲ್ಲ’ ಎಂದು ಹಲ್ಲು ಕಚ್ಚಿ ಹೋಗುತ್ತಿದ್ದಳು. ಪಟ್ಟಿ ಕಟ್ಟಿದ ಕೂಡಲೇ ಕಚ್ಚಿದ ಹಲ್ಲು ಸಡಿಲವಾಗುತ್ತಿತ್ತು. ದೇಸಾಯಿಯವರು ಕೆಟ್ಟ ಮನುಷ್ಯರಾಗಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಅವರೂ ಮೂರು ವರ್ಷ ದಿನಾ ಆ ನಕ್ಷೆಯನ್ನು ನೋಡಿದ್ದರು, ದಿನಾ ನಾಳೆ ಎಂದುಕೊಂಡಿದ್ದಿರಬೇಕು.

ಮನೆಯಲ್ಲಂತೂ ಹಬ್ಬವೇ ಹಬ್ಬ. ನೀಲಾಂಬಿಕಾ ನಿದ್ದೆ ಮಾಡಿದಳು, ನಕ್ಕಳು, ಮಗಳ ಜೊತೆ ಚೌಕಾಬಾರ ಆಡಿದಳು. "ಅವ್ವಾ, ನೀ ಈಗ ಭಾಳ ಚಂದ ಆಗೀದಿ" ಎಂದು ಮುಕ್ತಾ ಕೊರಳಿಗೆ ಜೋತುಬಿದ್ದಳು. ಹೆಂಡತಿ ತನಗೆ ಮರಳಿ ಸಿಕ್ಕಳೆಂದು ಮಹಾಂತೇಶ ತಸ್ಲೀಮಳ ವಿಚಾರವನ್ನೇ ಎತ್ತಲಿಲ್ಲ, ಎತ್ತುವ ಧೈರ್ಯ ಅವನಿಗೂ ಇರಲಿಲ್ಲ. ಗೌರವ್ವ ಮಾತ್ರ ಸೊಸೆಯ ಮುಖವನ್ನು ಆಗಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

ಎಂಟನೆಯ ದಿನ ಅವಳಿಗೆ ವಾರದ ರಜೆ. ಹಳದಿ ಲಂಗ ಉಟ್ಟುಕೊಂಡು ಮಹಡಿಯ ಮೆಟ್ಟಿಲಿಳಿಯುತ್ತಿದ್ದ ಮುಕ್ತಾ ಎಡವಿ, ಕೊನೆಯ ಕಲ್ಲಿಗೆ ಗದ್ದ ಬಡಿದುಕೊಂಡು ಬಿದ್ದಳು. ಕಿಟಾರನೆ ಕಿರುಚಿದಳು. ಗದ್ದ ಒಡೆದು ರಕ್ತ ಲಂಗದ ಮೇಲೆಲ್ಲ ಸೋರುತ್ತಿತ್ತು. ಅಡುಗೆಮನೆಯ ಬಾಗಿಲಿನಿಂದ ನೀಲಾಂಬಿಕಾ ಅದನ್ನು ಕಂಡಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿತು, ತೆಗೆದು ಬುಟ್ಟಿಗೆ ಹಾಕಿ ಒಲೆ ಆರಿಸಿದಳು, ಕೈ ಒರೆಸಿಕೊಂಡಳು. ಆಮೇಲೆ ಮಗಳ ಕಡೆ ನಡೆದಳು.

ಅಷ್ಟರಲ್ಲಿ ಗೌರವ್ವ ಹುಡುಗಿಯನ್ನು ಎತ್ತಿ ಸೆರಗಿನಿಂದ ಗದ್ದ ಒತ್ತಿ ಹಿಡಿದಿದ್ದಳು. ಸೊಸೆಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಹೆತ್ತಾಕಿ ನೀನ ಏನು?" ಎಂದಳು.

ನಾಲ್ಕು ಹೊಲಿಗೆ ಬಿದ್ದವು. ನೀಲಾಂಬಿಕಾ ಡಾಕ್ಟರ ಮುಂದೆ ಎಲ್ಲವನ್ನೂ ಸರಿಯಾಗಿ ಹೇಳಿದಳು, ಔಷಧಿಯ ಹೊತ್ತು ಬರೆದುಕೊಂಡಳು. ಕತ್ತಿನ ಬುಡದಲ್ಲಿ ಮಾತ್ರ ಏನೋ ಗಂಟು ಕಟ್ಟಿಕೊಂಡಿತ್ತು, ಮೇಲೂ ಬರದೆ ಕೆಳಗೂ ಇಳಿಯದೆ. ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡಾಗ ಆ ಗಂಟು ಸಣ್ಣಗೆ ಕರಗಿ ಹರಿದುಹೋಯಿತು. ಹಾಯೆನಿಸಿತು.

ಹತ್ತನೆಯ ದಿನ ಸಂಜೆ ಇಳಿಜಾರು ಶುರುವಾಗಿ ಕಾಲು ತಾಸಾಗಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟಿ ಸೂರ್ಯನ ಕರೆಂಟು ಎಂದಿಗಿಂತ ಬೇಗ ಬೀಳುತ್ತಿತ್ತು. ಅಂಕಿ ನಲವತ್ತೊಂಬತ್ತು ಪಾಯಿಂಟ್ ಎಂಟು. ಗಂಡಸರು ಒಬ್ಬರಿಗೊಬ್ಬರು ತಮಾಷೆ ಮಾಡಿಕೊಳ್ಳುತ್ತ ಕೆಲಸ ನಡೆಸಿದ್ದರು. ಆಗ ತಸ್ಲೀಮ್ ತನ್ನ ಕುರ್ಚಿಯಿಂದ ಎದ್ದು ಮುಖ್ಯಸ್ಥರ ಮೇಜಿನ ಹತ್ತಿರ ಬಂದಳು. ಉಗುರುಗಳನ್ನು ಬುಡದ ತನಕ ಕಚ್ಚಿಕೊಂಡಿದ್ದಳು. ತುಟಿ ಒಡೆದಿತ್ತು. ಆ ಒಡೆದ ತುಟಿಯಲ್ಲೂ ನಗು ಇತ್ತು.

"ಅಕ್ಕಾ, ಒಂದು ಮಾತು ಕೇಳ್ಲೆನು?"

"ಕೇಳವಾ."

"ನಾ ನಿಮಗೇನರ ತಪ್ಪು ಮಾಡೀನೇನು? ಹತ್ತು ದಿನ ಆತು, ಯಾರಿಗೋ ಮೋಸ ಮಾಡಾಕತ್ತೀನಿ ಅನ್ನಿಸ್ತೈತಿ. ಯಾರಿಗೆ, ಏನು, ಒಂದೂ ಗೊತ್ತಾಗವಲ್ದು. ಯಾರೋ ನನ್ನ ನಂಬ್ಯಾರ, ನಾ ನಾಳೆ ನಾಳೆ ಅನ್ನಾಕತ್ತೀನಿ. ತಪ್ಪಾತು ಅಕ್ಕಾ, ಏನಿದ್ರೂ ಹೊಟ್ಟ್ಯಾಗ ಹಾಕ್ಕೋರಿ."

ನೀಲಾಂಬಿಕಾ ಗೋಡೆಯ ಅಂಕಿಯನ್ನೊಮ್ಮೆ ನೋಡಿ ಅವಳ ಕಡೆ ತಿರುಗಿದಳು.

"ಮತ್ತ ನಿನ್ನೆ ಮುಂಜಾನಿಂದ ಒಂದು ಹುಡುಗಿ ಕಾಣ್ತಾಳ" ಎಂದಳು ತಸ್ಲೀಮ್. ನಗುತ್ತಲೇ ಇದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಹಳದಿ ಲಂಗ. ಗದ್ದ ಒಡದೈತಿ, ರಕ್ತಂದ್ರ ರಕ್ತ. ನನಗ ಓಡಿ ಹೋಗಬೇಕು, ಕಾಲ ಏಳವಲ್ವು. ಆಕಿ ನನ್ನ ಮಗಳು ಅನ್ನಿಸ್ತೈತಿ. ನಂದಿನ್ನೂ ಲಗ್ನನ ಆಗಿಲ್ಲಲ್ಲ, ಅಕ್ಕಾ!"

ನೀಲಾಂಬಿಕಾಳಿಗೆ ಎಲ್ಲ ಅರ್ಥವಾಯಿತು, ಪುಸ್ತಕದಲ್ಲಿ ಓದಿದಷ್ಟು ಸ್ಪಷ್ಟವಾಗಿ. ಆದರೆ ಏನೂ ಅನ್ನಿಸಲಿಲ್ಲ. ಅನ್ನಿಸಲಿ ಎಂದು ಕಾದಳು. ಮರಗಟ್ಟಿದ ಕಾಲನ್ನು ಚಿವುಟಿ ನೋಡುವಂತೆ ಮಗಳ ಹೆಸರನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಇಳಿಜಾರು ಮುಗಿಯಲಿ, ನಾಳೆ ಬೆಳಿಗ್ಗೆ ಶಾಂತವಾಗಿ ಅಳಿಸಿದರಾಯಿತು ಎಂದು ತಲೆಯೊಳಗಿನ ತಣ್ಣನೆಯ ದನಿ ಹೇಳಿತು. ಅದು ಬಹಳ ಒಳ್ಳೆಯ ಸಲಹೆಯಾಗಿತ್ತು. ಹತ್ತು ದಿನದಿಂದ ಅದು ಒಳ್ಳೆಯ ಸಲಹೆಯೇ ಆಗಿತ್ತು. ಮಾಡಬೇಕೆಂದು ಅನ್ನಿಸುವ ತನಕ ಕಾದರೆ ತನಗೆ ಎಂದಿಗೂ ಅನ್ನಿಸುವುದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಅನ್ನಿಸದೆಯೇ ಮಾಡಬೇಕು. ಬೇರೆಯವರ ಕೈಯನ್ನು ಎತ್ತಿದ ಹಾಗೆ ತನ್ನ ಬಲಗೈ ಎತ್ತಿ ತಸ್ಲೀಮಳ ಕೊರಳಿನ ಕಡೆ ಚಾಚಿದಳು.

ತಸ್ಲೀಮ್ ಗಾಬರಿಯಿಂದ ಆ ಕೈ ಹಿಡಿದುಕೊಂಡಳು. "ಬ್ಯಾಡ ಅಕ್ಕಾ! ಎಣಸ್ತಾರ!"

"ಯಾರೂ ಎಣಸಂಗಿಲ್ಲ ತಂಗಿ. ನಾ ಸುಳ್ಳು ಹೇಳಿದ್ದೆ" ಎಂದು ನೀಲಾಂಬಿಕಾ ಗುಂಡಿ ಒತ್ತಿದಳು.

ಆಗ ಬಂತು. ಮಗಳು ಕಿರುಚಿದ್ದು ಆಗ ಕೇಳಿಸಿತು, ಎರಡು ದಿನ ತಡವಾಗಿ. ರಕ್ತ ಕಂಡು ರೊಟ್ಟಿ ತಿರುವಿ ಹಾಕಿದ ತನ್ನ ಕೈ ಕಾಣಿಸಿತು. ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡಳು. ಮನೆಗೆ ಓಡಬೇಕು, ಮುಕ್ತಾಳನ್ನು ಎದೆಗವಚಿಕೊಳ್ಳಬೇಕು, ಈ ಹುಡುಗಿಯ ಕಾಲಿಗೆ ಬೀಳಬೇಕು. ನಾಚಿಕೆ ಎಂದರೆ ನಾಚಿಕೆ, ಸಂಕಟವೆಂದರೆ ಸಂಕಟ, ಎಲ್ಲ ಒಟ್ಟಿಗೆ ನುಗ್ಗಿದವು. ಇಷ್ಟು ನೋವಿನಲ್ಲೂ ‘ಬಂತಲ್ಲಪಾ’ ಎಂದು ಅವಳ ಜೀವ ಒಳಗೇ ಹಿಗ್ಗಿತು.

ಕೋಣೆಯಲ್ಲಿ ಚಹಾದ ಕಪ್ಪೊಂದು ನೆಲಕ್ಕೆ ಬಿದ್ದು ಒಡೆಯಿತು. ಒಬ್ಬ ಎದ್ದು ನಿಂತು, ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತ. ಇನ್ನೊಬ್ಬ ಎದೆ ಹಿಡಿದುಕೊಂಡು ‘ನೀರು, ನೀರು’ ಎಂದ. ಮೂರು ವರ್ಷ ಹೆದರದ ಎಂಟು ಗಂಡಸರು ಮೊದಲ ಸಲ ಸಮುದ್ರ ಕಂಡವರ ಹಾಗೆ ಗೋಡೆಯ ಅಂಕಿಯನ್ನು ನೋಡುತ್ತಿದ್ದರು. ನಲವತ್ತೊಂಬತ್ತು ಪಾಯಿಂಟ್ ಆರು. ತಸ್ಲೀಮ್ ಅಲ್ಲೇ ಮೇಜಿನ ಪಕ್ಕ ನೆಲದ ಮೇಲೆ ಕುಸಿದು ಕೂತವಳು, ಗೋಡೆಗೆ ತಲೆಯಾನಿಸಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿಬಿಟ್ಟಿದ್ದಳು.

ಮೂರು ವರ್ಷದಲ್ಲಿ ಒಂದು ಊರೂ ಕತ್ತಲಾಗಿರಲಿಲ್ಲ. ಹೆಂಗಸು ಕುರ್ಚಿಗೆ ಬಂದು ಹತ್ತು ದಿನಕ್ಕೆ ಆಗುತ್ತಿತ್ತು. ನಾಳೆಯ ಪೇಪರಿನಲ್ಲಿ ಏನು ಬರುತ್ತದೆ, ಕ್ಯಾಂಟೀನಿನಲ್ಲಿ ಏನು ಮಾತಾಡುತ್ತಾರೆ, ಇನ್ನು ಎಷ್ಟು ವರ್ಷ ಈ ಕುರ್ಚಿಗೆ ಹೆಂಗಸಿನ ಹೆಸರು ಬರುವುದಿಲ್ಲ ಎಂಬುದೆಲ್ಲ ನೀಲಾಂಬಿಕಾಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಹೆದರಿಕೆಯಿಂದ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಫೋನು ಎತ್ತಿಕೊಂಡಳು.

"ಹುಬ್ಬಳ್ಳಿ ಪಶ್ಚಿಮ, ನಾಲ್ಕೂ ಫೀಡರ್ ತಗೀರಿ" ಎಂದಳು. ಅವಳ ಮನೆ ಇದ್ದದ್ದೂ ಅಲ್ಲೇ. ದನಿ ನಡುಗಿತು, ಆದರೆ ಮಾತು ಸರಿಯಾಗಿ ಹೋಯಿತು. "ಆಮೇಲೆ ಬೆಟಗೇರಿ. ನಾ ಹೇಳೂತನಕ ಕೊಡಬ್ಯಾಡ್ರಿ."

ಕಿಟಕಿಯ ಹೊರಗೆ ಊರಿನ ಒಂದು ಮೂಲೆ ಆರಿತು. ಅಂಕಿ ನಿಂತಿತು, ತೂಗಾಡಿತು, ಮತ್ತೆ ಇಳಿಯಿತು.

"ಮೇಡಂ" ಎಂದ ಕಟ್ಟಿ. ಟೋಪಿ ಬಿದ್ದುಹೋಗಿತ್ತು, ಆಗಷ್ಟೇ ಕೂದಲು ಮೊಳೆತ ತಲೆಯ ಮೇಲೆ ಬೆವರು ಸಾಲುಗಟ್ಟಿತ್ತು, ಮೌಸು ಹಿಡಿದ ಕೈ ಗಡಗಡ ನಡುಗುತ್ತಿತ್ತು. "ಮೇಡಂ, ಆ ಹುಡುಗಿನ್ನ ಎಬ್ಬಸ್ರಿ. ನನಗ ಆಗವಲ್ದು. ಭಾಳ ಹೆದ್ರಿಕಿ ಆಗಾಕತ್ತೈತ್ರಿ."

"ನನಗೂ ಆಗಾಕತ್ತೈತಿ. ಆಕಿನ್ನ ಯಾರೂ ಎಬ್ಬಸಬ್ಯಾಡ್ರಿ" ಎಂದಳು ನೀಲಾಂಬಿಕಾ. "ಆಗ್ಲಿ ಕಟ್ಟಿಯವ್ರ, ಹೆದರ್ರಿ. ಅದು ನಿಮ್ದ. ಬ್ಯಾಟರಿ ಎಷ್ಟು ಉಳದೈತಿ ಹೇಳ್ರಿ."

ಕಟ್ಟಿ ಎಡಗೈಯಿಂದ ತನ್ನ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡು, ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದ.